ಸಮಾನಸ್ಕಂಧ ಗಣಕಜಾಲಗಳಲ್ಲಿ ಬಳಕೆದಾರರ ವರ್ತನೆಯ ಮಾಪನ

ಗ್ರಂಥಾಲಯವೊಂದರಲ್ಲಿ ಓದುಗರ ಅಭಿರುಚಿಯನ್ನು ತಿಳಿಯುವುದು ಕಷ್ಟದ ಕೆಲಸವಲ್ಲ. ಬಾಗಿಲಲ್ಲಿ ಸಹಿಪುಸ್ತಕವಿರುತ್ತದೆ, ಪುಸ್ತಕ ಎರವಲು ಕೊಡುವ ಮೇಜಿನ ಮೇಲೆ ಖಾತೆಯಿರುತ್ತದೆ. ಯಾರು ಬಂದರು, ಏನನ್ನು ಒಯ್ದರು, ಎಂದು ಮರಳಿಸಿದರು ಎಂಬುದೆಲ್ಲ ಒಂದೇ ಕಡೆ ದಾಖಲಾಗಿರುತ್ತದೆ. ಆದರೆ ಕಟ್ಟಡವೂ ಇಲ್ಲದ, ಗ್ರಂಥಪಾಲಕನೂ ಇಲ್ಲದ ಗ್ರಂಥಾಲಯವೊಂದನ್ನು ಊಹಿಸಿಕೊಳ್ಳಬಹುದು. ಲಕ್ಷಾಂತರ ಮನೆಗಳ ಕಪಾಟುಗಳೇ ಅದರ ಭಂಡಾರ. ಪ್ರತಿಯೊಬ್ಬನೂ ತನ್ನ ಕಪಾಟನ್ನು ಮನಬಂದಾಗ ತೆರೆಯುತ್ತಾನೆ, ಮನಬಂದಾಗ ಮುಚ್ಚುತ್ತಾನೆ. ಇಂತಹ ಕಡೆ ಓದುಗರೆಷ್ಟು, ಕೊಡುವವರೆಷ್ಟು, ಬರಿದೆ ಪಡೆಯುವವರೆಷ್ಟು ಎಂದು ಲೆಕ್ಕ ಹಾಕುವುದು ಹೇಗೆ? ಪೀರ್ ಟು ಪೀರ್ ಎಂದು ಕರೆಯಲಾಗುವ ಸಮಾನಸ್ಕಂಧ ಗಣಕಜಾಲಗಳನ್ನು ಅಭ್ಯಸಿಸಿದವರು ಎದುರಿಸಿದ ಪ್ರಶ್ನೆ ಇದೇ. 2000ದಿಂದೀಚೆಗೆ ಈ ಪ್ರಶ್ನೆಗೆ ದೊರೆತ ಉತ್ತರಗಳು ಗಣಕವಿಜ್ಞಾನಕ್ಕೆ ಮಾತ್ರ ಸೀಮಿತವಾದವುಗಳಲ್ಲ. ಜನಸಮುದಾಯವೊಂದನ್ನು ಎಣಿಸುವ, ಅದರ ನಡವಳಿಕೆಯನ್ನು ಅಂಕಿಗಳಲ್ಲಿ ಹಿಡಿಯುವ ಎಲ್ಲ ಶಾಸ್ತ್ರಗಳಿಗೂ ಅವು ಪಾಠಪ್ರಾಯವಾಗಿವೆ.

ಜಾಲಗಳ ಸ್ವರೂಪ

1999ರ ಜೂನ್ ತಿಂಗಳಲ್ಲಿ ಅಮೆರಿಕದಲ್ಲಿ ಆರಂಭವಾದ ನ್ಯಾಪ್‌ಸ್ಟರ್ ಈ ಬಗೆಯ ಜಾಲಗಳಲ್ಲಿ ಮೊದಲು ಜನಪ್ರಿಯವಾದುದು. ಹಾಡುಗಳ ಕಡತಗಳು ಬಳಕೆದಾರರ ಗಣಕಗಳಲ್ಲಿಯೇ ಇರುತ್ತಿದ್ದವು. ಯಾವ ಹಾಡು ಯಾರಲ್ಲಿದೆ ಎಂಬ ಸೂಚಿ ಮಾತ್ರ ಕಂಪನಿಯ ಕೇಂದ್ರದಲ್ಲಿತ್ತು. ಸೂಚಿಯಿದ್ದ ಕಾರಣ ಎಣಿಕೆಯೂ ಸುಲಭವಾಗಿತ್ತು, ಹೊಣೆ ಹೊರಿಸುವುದೂ ಸುಲಭವಾಗಿತ್ತು. ನ್ಯಾಯಾಲಯದ ಆದೇಶಗಳ ಪರಿಣಾಮವಾಗಿ 2001ರ ಜುಲೈನಲ್ಲಿ ಆ ಸೇವೆ ನಿಂತುಹೋಯಿತು.

2000ದ ಮಾರ್ಚಿಯಲ್ಲಿ ಹೊರಬಂದ ನುಟೆಲ್ಲಾ ಜಾಲದಲ್ಲಿ ಕೇಂದ್ರವೆಂಬುದೇ ಇರಲಿಲ್ಲ. ಒಂದು ಗಣಕ ತನಗೆ ಬೇಕಾದ ಕಡತವನ್ನು ಕುರಿತು ನೆರೆಯ ಗಣಕಗಳನ್ನು ಕೇಳುತ್ತದೆ. ಅವು ತಮ್ಮ ನೆರೆಯವನ್ನು ಕೇಳುತ್ತವೆ. ಹೀಗೆ ಬಾಯಿಂದ ಬಾಯಿಗೆ ಹರಡುವ ಸುದ್ದಿಯಂತೆ ಪ್ರಶ್ನೆ ಮುಂದೆ ಸಾಗುತ್ತದೆ. ಅನಂತರ ಬಂದ ಕಜಾ ಜಾಲದಲ್ಲಿ ಸಾಮರ್ಥ್ಯವುಳ್ಳ ಕೆಲವು ಗಣಕಗಳು ಉಳಿದವುಗಳ ಪರವಾಗಿ ಸೂಚಿಯನ್ನು ಹೊತ್ತವು. 2001ರಲ್ಲಿ ಬ್ರಾಮ್ ಕೋಹೆನ್ ರೂಪಿಸಿದ ಬಿಟ್‌ಟೊರೆಂಟ್ ಬೇರೊಂದು ದಾರಿ ಹಿಡಿಯಿತು. ಇಲ್ಲಿ ಒಂದು ಕಡತವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆಯಲಾಗುತ್ತದೆ. ಅದನ್ನು ಬಯಸುವವರೆಲ್ಲ ಒಂದು ಗುಂಪಾಗಿ, ತಮ್ಮಲ್ಲಿರುವ ತುಂಡನ್ನು ಕೊಟ್ಟು ಇಲ್ಲದ ತುಂಡನ್ನು ಪಡೆಯುತ್ತಾರೆ. ಗುಂಪಿನಲ್ಲಿ ಯಾರಿದ್ದಾರೆಂಬ ಪಟ್ಟಿಯನ್ನು ಟ್ರ್ಯಾಕರ್ ಎಂಬ ಗಣಕ ಇಟ್ಟುಕೊಂಡಿರುತ್ತದೆ. ಮುಂದೆ ಈ ಪಟ್ಟಿಯನ್ನೂ ಬಳಕೆದಾರರ ನಡುವೆಯೇ ಹಂಚಿಡುವ ಏರ್ಪಾಡು ಬಂದಿತು.

ಅಳೆಯುವ ವಿಧಾನಗಳು

ಇಂತಹ ಜಾಲಗಳನ್ನು ಅಳೆಯಲು ಮುಖ್ಯವಾಗಿ ಮೂರು ಮಾರ್ಗಗಳಿವೆ. ಮೊದಲನೆಯದು ಸಂಚಾರದ ಮಾರ್ಗ. ಕ್ರಾಲರ್ ಎಂಬ ತಂತ್ರಾಂಶವು ಜಾಲದೊಳಗೆ ಪ್ರವೇಶಿಸಿ, ಸಿಕ್ಕ ಗಣಕದಿಂದ ಅದರ ನೆರೆಯವರ ವಿಳಾಸಗಳನ್ನು ಕೇಳಿಕೊಂಡು, ಒಬ್ಬರಿಂದ ಮತ್ತೊಬ್ಬರತ್ತ ಸಾಗುತ್ತದೆ. ಎರಡನೆಯದು ಹೆಬ್ಬಾಗಿಲಿನಲ್ಲಿ ಕುಳಿತು ನೋಡುವ ಮಾರ್ಗ. ವಿಶ್ವವಿದ್ಯಾಲಯದಂತಹ ಸಂಸ್ಥೆಯೊಂದರ ಒಳಹೊರಗೆ ಹರಿಯುವ ಮಾಹಿತಿಯನ್ನು ಅದು ಅಂತರಜಾಲವನ್ನು ಸೇರುವ ತಾಣದಲ್ಲಿ ದಾಖಲಿಸಲಾಗುತ್ತದೆ. ಮೂರನೆಯದು ಟ್ರ್ಯಾಕರಿನಂತಹ ನಡುವಣ ಗಣಕದ ದಿನಚರಿಯನ್ನು ಓದುವುದು.

ಮೂರಕ್ಕೂ ಅವುಗಳದೇ ಆದ ಮಿತಿಗಳಿವೆ. ಸಂಚಾರಿಗೆ ಹರಹು ದೊರೆಯುತ್ತದೆ, ಆಳ ದೊರೆಯುವುದಿಲ್ಲ. ಯಾರಿದ್ದಾರೆಂಬುದು ತಿಳಿದರೂ ಅವರು ಏನು ಮಾಡುತ್ತಿದ್ದಾರೆಂಬುದು ತಿಳಿಯದು. ಹೆಬ್ಬಾಗಿಲಿನ ಕಾವಲುಗಾರನಿಗೆ ಒಂದು ಕೋಟೆಯ ವೃತ್ತಾಂತ ಸಮಗ್ರವಾಗಿ ದೊರೆತರೂ ಅದು ಲೋಕದ ವೃತ್ತಾಂತವಾಗಲಾರದು. ದಿನಚರಿಯಲ್ಲಿರುವುದಾದರೋ ಪ್ರತಿಯೊಂದು ಗಣಕವೂ ತನ್ನ ಬಗ್ಗೆ ತಾನೇ ಬರೆಯಿಸಿದ ಮಾತು. ಈ ಮೂರನೆಯ ಅಂಶ ಸಣ್ಣದೆಂದು ತೋರಿದರೂ ಅದರ ಫಲ ದೊಡ್ಡದೆಂಬುದು ಮುಂದೆ ಸ್ಪಷ್ಟವಾಗುತ್ತದೆ.

ಕೊಡುವವರು ಮತ್ತು ಪಡೆಯುವವರು

ಈ ಕ್ಷೇತ್ರದಲ್ಲಿ ಮೊದಲು ಗಮನ ಸೆಳೆದದ್ದು ಈಟನ್ ಅಡಾರ್ ಮತ್ತು ಬರ್ನಾರ್ಡೋ ಹ್ಯೂಬರ್‌ಮನ್ ಅವರು 2000ದಲ್ಲಿ ನುಟೆಲ್ಲಾ ಜಾಲವನ್ನು ಕುರಿತು ಪ್ರಕಟಿಸಿದ ಅಧ್ಯಯನ. ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನ ಕೇಂದ್ರದಲ್ಲಿದ್ದ ಇವರು ಇಪ್ಪತ್ತನಾಲ್ಕು ಗಂಟೆಗಳ ಕಾಲ ಜಾಲದ ಸಂದೇಶಗಳನ್ನು ಆಲಿಸಿ, ಸುಮಾರು ಶೇ. 70ರಷ್ಟು ಬಳಕೆದಾರರು ಒಂದು ಕಡತವನ್ನೂ ಹಂಚುತ್ತಿಲ್ಲವೆಂದೂ, ಬರುವ ಉತ್ತರಗಳಲ್ಲಿ ಸುಮಾರು ಅರ್ಧದಷ್ಟು ಕೇವಲ ಶೇ. 1ರಷ್ಟು ಗಣಕಗಳಿಂದ ಬರುತ್ತಿವೆಯೆಂದೂ ಕಂಡುಕೊಂಡರು. ಊರಿನವರೆಲ್ಲ ರಾತ್ರಿ ಒಂದೊಂದು ಚೊಂಬು ಹಾಲನ್ನು ಕೊಳಕ್ಕೆ ಸುರಿಯಬೇಕೆಂದು ಅರಸನು ಆಜ್ಞಾಪಿಸಿದಾಗ, ಉಳಿದವರು ಹಾಲು ಸುರಿಯುತ್ತಾರೆಂದು ನಂಬಿ ಪ್ರತಿಯೊಬ್ಬನೂ ನೀರು ಸುರಿದ ಕಥೆ ಎಲ್ಲರಿಗೂ ತಿಳಿದದ್ದೇ. ನುಟೆಲ್ಲಾದಲ್ಲಿ ಕೊಳ ಪೂರ್ತಿ ನೀರಾಗಲಿಲ್ಲ. ಬೆರಳೆಣಿಕೆಯ ಕೆಲವರು ಕೊಡಗಟ್ಟಲೆ ಹಾಲು ಸುರಿದದ್ದರಿಂದ ಅದು ಬಿಳುಪಾಗಿಯೇ ಕಂಡಿತು. ಸಮಾನಸ್ಕಂಧರೆಂಬ ಹೆಸರಿನ ಜಾಲ ವಾಸ್ತವದಲ್ಲಿ ಕೆಲವೇ ದಾನಿಗಳ ಹೆಗಲ ಮೇಲೆ ನಿಂತಿತ್ತು. 2005ರಲ್ಲಿ ಇಂಗ್ಲೆಂಡಿನ ಸಂಶೋಧಕರು ಇದೇ ಜಾಲವನ್ನು ಮತ್ತೆ ಪರಿಶೀಲಿಸಿದಾಗ ಬಿಟ್ಟಿ ಬಳಕೆದಾರರ ಪ್ರಮಾಣ ಶೇ. 85ಕ್ಕೆ ಏರಿತ್ತು.

2002ರಲ್ಲಿ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಟೆಫಾನ್ ಸರೋಯು, ಕೃಷ್ಣ ಗುಮ್ಮಡಿ ಮತ್ತು ಸ್ಟೀವನ್ ಗ್ರಿಬಲ್ ಅವರು ನ್ಯಾಪ್‌ಸ್ಟರ್ ಹಾಗೂ ನುಟೆಲ್ಲಾಗಳೆರಡನ್ನೂ ಅಳೆದ ಅಧ್ಯಯನವನ್ನು ಪ್ರಕಟಿಸಿದರು. ಒಮ್ಮೆ ಜಾಲಕ್ಕೆ ಬಂದವನು ಅಲ್ಲಿ ಉಳಿಯುವ ಅವಧಿಯ ಮಧ್ಯಾಂಕ ಸುಮಾರು 60 ನಿಮಿಷಗಳೆಂದು ಅವರಿಗೆ ತಿಳಿದುಬಂದಿತು. ಅದಕ್ಕಿಂತ ಕುತೂಹಲಕರವಾದುದು ಇನ್ನೊಂದು ಸಂಗತಿ. ನ್ಯಾಪ್‌ಸ್ಟರಿನಲ್ಲಿ ಬಳಕೆದಾರನು ತನ್ನ ಸಂಪರ್ಕದ ವೇಗವನ್ನು ತಾನೇ ನಮೂದಿಸಬೇಕಾಗಿತ್ತು. ತಮ್ಮದು ಸೆಕೆಂಡಿಗೆ 64 ಕಿಲೋಬಿಟ್ ಅಥವಾ ಅದಕ್ಕಿಂತ ಕಡಿಮೆಯೆಂದು ಬರೆದವರಲ್ಲಿ ಶೇ. 30ರಷ್ಟು ಮಂದಿಯ ನಿಜವಾದ ವೇಗ ಅದಕ್ಕಿಂತ ಬಹಳ ಹೆಚ್ಚಾಗಿತ್ತು. ಇದರ ಹಿಂದಿನ ಲೆಕ್ಕಾಚಾರ ಸರಳವಾದುದು. ವೇಗವಾದ ಗಣಕವನ್ನೇ ಎಲ್ಲರೂ ಮುತ್ತುತ್ತಾರೆ. ನಿಧಾನದ ಗಣಕದ ಬಳಿಗೆ ಯಾರೂ ಸುಳಿಯುವುದಿಲ್ಲ. ಬಡವನಂತೆ ತೋರಿಸಿಕೊಂಡರೆ ಸಾಲ ಕೇಳುವವರ ಕಾಟವಿರುವುದಿಲ್ಲ. ಜನರು ತಮ್ಮನ್ನು ಕುರಿತು ಹೇಳಿದ್ದನ್ನೇ ಅಳತೆಯೆಂದು ಭಾವಿಸಕೂಡದೆಂಬ ಎಚ್ಚರ ಈ ಅಧ್ಯಯನದಿಂದ ಮೂಡಿತು.

ಬಿಟ್‌ಟೊರೆಂಟ್ ಈ ಸ್ವಾರ್ಥವನ್ನೇ ನಿಯಮದೊಳಗೆ ಅಳವಡಿಸಿಕೊಂಡಿತು. ನಮ್ಮ ಹಳ್ಳಿಗಳ ಮುಯ್ಯಾಳಿನ ಪದ್ಧತಿಯನ್ನು ಬಲ್ಲವರಿಗೆ ಅದರ ತತ್ತ್ವ ಹೊಸದಲ್ಲ. ತನಗೆ ಹೆಚ್ಚು ಕೊಡುತ್ತಿರುವವರು ಯಾರೆಂಬುದನ್ನು ಪ್ರತಿಯೊಂದು ಗಣಕವೂ ಹತ್ತು ಸೆಕೆಂಡಿಗೊಮ್ಮೆ ಪರಿಶೀಲಿಸಿ, ಅಂತಹವರಿಗೆ ಮಾತ್ರ ಕೊಡುತ್ತದೆ. ಮೂವತ್ತು ಸೆಕೆಂಡಿಗೊಮ್ಮೆ, ಕೈಯಲ್ಲಿ ಏನೂ ಇಲ್ಲದ ಹೊಸಬರಿಗೂ ಅವಕಾಶ ಸಿಗಲೆಂದು, ಒಬ್ಬರಿಗೆ ಲೆಕ್ಕವಿಡದೆ ಕೊಟ್ಟುನೋಡುತ್ತದೆ. ಆದರೆ ಮುಯ್ಯಾಳಿನ ನಿಯಮ ಕೆಲಸ ನಡೆದಿರುವಷ್ಟು ಹೊತ್ತು ಮಾತ್ರ ಬಿಗಿಯಾಗಿರುತ್ತದೆ. ಕಡತ ಪೂರ್ಣವಾಗಿ ಕೈಸೇರಿದ ಮೇಲೆ ಉಳಿಯುವುದು, ಬಿಡುವುದು ಆಯಾ ಬಳಕೆದಾರನ ಇಷ್ಟ. ಅಲ್ಲಿಯೇ ಅವನ ಸ್ವಭಾವದ ಪರೀಕ್ಷೆ.

ಈ ಪರೀಕ್ಷೆಯ ಎರಡು ಫಲಿತಾಂಶಗಳನ್ನು ಹೋಲಿಸಿ ನೋಡಬೇಕು. ನೆದರ್‌ಲೆಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯದ ಯೋಹಾನ್ ಪೌವೆಲ್ಸೆ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಣಕ ಆಟವೊಂದನ್ನು ಇಳಿಸಿಕೊಂಡ 53,883 ಸದಸ್ಯಗಣಕಗಳ ಪೈಕಿ ಕೆಲಸ ಮುಗಿದ ಬಳಿಕ ಒಂದು ಗಂಟೆಗಿಂತ ಹೆಚ್ಚು ಉಳಿದವು 9,219, ಅಂದರೆ ಶೇ. 17 ಮಾತ್ರ, ನೂರು ಗಂಟೆಗಳಿಗಿಂತ ಹೆಚ್ಚು ಉಳಿದವು ಕೇವಲ 183. ಇದಕ್ಕೆ ಪ್ರತಿಯಾಗಿ 2004ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಮುಕ್ತ ತಂತ್ರಾಂಶವಾದ ರೆಡ್ ಹ್ಯಾಟ್ ಲಿನಕ್ಸಿನ 9ನೆಯ ಆವೃತ್ತಿಯ ಹಂಚಿಕೆಯನ್ನು ಟ್ರ್ಯಾಕರಿನ ದಿನಚರಿಯಿಂದ ಐದು ತಿಂಗಳ ಕಾಲ ಗಮನಿಸಿತು. ಆ ಅವಧಿಯಲ್ಲಿ ಬಂದ 1,80,000 ಗಣಕಗಳಲ್ಲಿ 51,000 ಮೊದಲ ಐದು ದಿನಗಳಲ್ಲಿಯೇ ಮುಗಿಬಿದ್ದಿದ್ದವು. ಕೆಲಸ ಮುಗಿಸಿದವು ಸರಾಸರಿ ಆರೂವರೆ ಗಂಟೆಗಳ ಕಾಲ ಉಳಿದು ಇತರರಿಗೆ ನೆರವಾದವು. ಜಾಲ ಒಂದೇ, ನಿಯಮ ಒಂದೇ. ಆದರೂ ನಡವಳಿಕೆ ಬೇರೆ.

ಈ ಅಂತರಕ್ಕೆ ಹಲವು ಕಾರಣಗಳಿರಬಹುದು. ಮುಕ್ತ ತಂತ್ರಾಂಶವನ್ನು ಹಂಚುವುದು ಕಾನೂನುಸಮ್ಮತವಾದುದರಿಂದ ಅಲ್ಲಿ ಅಂಜಿಕೆಯಿಲ್ಲ. ದೊಡ್ಡ ಕಡತವನ್ನು ಇಳಿಸಲು ಬಿಟ್ಟು ಮಲಗಿದವನ ಗಣಕ ಬೆಳಗಿನವರೆಗೂ ದಾನಿಯಾಗಿ ಉಳಿದಿರಬಹುದು. ಅದು ಔದಾರ್ಯವೋ ನಿದ್ರೆಯೋ ಎಂಬುದನ್ನು ದಿನಚರಿ ಹೇಳಲಾರದು. ಮೇಲಾಗಿ ಒಂದು ಅಧ್ಯಯನ ಕೊಟ್ಟಿರುವುದು ಸರಾಸರಿಯನ್ನು, ಇನ್ನೊಂದು ಕೊಟ್ಟಿರುವುದು ಪ್ರಮಾಣವನ್ನು. ದಿನಗಟ್ಟಲೆ ಉಳಿಯುವ ಕೆಲವರಿದ್ದರೆ ಸಾಕು, ಸರಾಸರಿ ಮೇಲೇರುತ್ತದೆ. ಬಳಕೆದಾರನ ವರ್ತನೆ ಎಂದು ಏಕವಚನದಲ್ಲಿ ಹೇಳಬಹುದಾದದ್ದು ಇಂತಹ ಜಾಲಗಳಲ್ಲಿ ಇಲ್ಲವೆಂಬುದನ್ನು ಈ ಹೋಲಿಕೆ ತೋರಿಸುತ್ತದೆ.

ಹೆಬ್ಬಾಗಿಲಿನ ಮಾರ್ಗಕ್ಕೆ ಉತ್ತಮ ನಿದರ್ಶನವೆಂದರೆ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿಯೇ ಕಜಾ ಜಾಲವನ್ನು ಕುರಿತು 200 ದಿನಗಳ ಕಾಲ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನ. ಜಾಲತಾಣದ ಸುದ್ದಿಪುಟ ಗಳಿಗೆಗೊಮ್ಮೆ ಬದಲಾಗುವುದರಿಂದ ಓದುಗ ಅದನ್ನು ಮತ್ತೆ ಮತ್ತೆ ನೋಡುತ್ತಾನೆ. ಹಾಡು ಬದಲಾಗದು, ಒಮ್ಮೆ ಕೈಸೇರಿತೆಂದರೆ ಅದನ್ನು ಮತ್ತೆ ತರುವ ಅಗತ್ಯವಿಲ್ಲ. ಹೀಗಾಗಿ ಒಬ್ಬ ಬಳಕೆದಾರ ಒಂದು ಕಡತವನ್ನು ಒಂದೇ ಸಲ ಕೇಳಿದ್ದು ಶೇ. 94ರಷ್ಟು ಪ್ರಸಂಗಗಳಲ್ಲಿ ಕಂಡುಬಂದಿತು. ಜಾಲತಾಣಗಳಲ್ಲಿ ಅತಿ ಜನಪ್ರಿಯವಾದ ಕೆಲವು ಪುಟಗಳಿಗೆ ಬೇಡಿಕೆ ಎಲ್ಲೆಮೀರಿ ಏರುತ್ತದೆ. ಇಲ್ಲಿ ಮಾತ್ರ ಆ ಶಿಖರ ಚಪ್ಪಟೆಯಾಗಿತ್ತು. ಅಲ್ಲದೆ ನೂರು ಮೆಗಾಬೈಟಿಗೂ ಮೀರಿದ ಕಡತಗಳಿಗಾಗಿ ಜನ ಒಂದು ದಿನಕ್ಕೂ ಹೆಚ್ಚು, ಕೆಲವೊಮ್ಮೆ ವಾರವಿಡೀ ಕಾಯುತ್ತಿದ್ದರು. ಅಂತರಜಾಲದ ಬಳಕೆದಾರನಿಗೆ ತಾಳ್ಮೆಯಿಲ್ಲವೆಂಬ ಸಾಮಾನ್ಯ ನಂಬಿಕೆಗೆ ಇದು ಅಪವಾದವಾಯಿತು.

ಎಣಿಕೆಯ ತೊಡಕುಗಳು

ಮೇಲಿನ ಅಂಕಿಗಳೆಲ್ಲ ಎಷ್ಟರಮಟ್ಟಿಗೆ ನಂಬಲರ್ಹ ಎಂಬ ಪ್ರಶ್ನೆಯನ್ನು ಸಂಶೋಧಕರೇ ಎತ್ತಿಕೊಂಡದ್ದು ಈ ಕ್ಷೇತ್ರದ ಹೆಗ್ಗಳಿಕೆ. ಮೊದಲನೆಯ ತೊಡಕು ಕಾಲಕ್ಕೆ ಸಂಬಂಧಿಸಿದ್ದು. ಕ್ರಾಲರ್ ಜಾಲವನ್ನು ಸುತ್ತಿ ಮುಗಿಸುವಷ್ಟರಲ್ಲಿ ಹಲವರು ಎದ್ದುಹೋಗಿರುತ್ತಾರೆ, ಹಲವರು ಬಂದು ಸೇರಿರುತ್ತಾರೆ. ಜಾತ್ರೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದೊಂದೇ ಅಂಗಡಿಯ ಬಳಿ ಜನರನ್ನೆಣಿಸಿ ಕೂಡಿದರೆ ಬರುವ ಮೊತ್ತ ಯಾವ ಗಳಿಗೆಯ ಜಾತ್ರೆಯದೂ ಅಲ್ಲ. ನಿಧಾನಗತಿಯ ಸಂಚಾರದಲ್ಲಿ, ಬಹುಕಾಲ ನಿಂತಿರುವ ಗಣಕಗಳು ಹೋದವರೊಂದಿಗೂ ಬಂದವರೊಂದಿಗೂ ಸಂಪರ್ಕದಲ್ಲಿರುವಂತೆ ತೋರಿ, ಅವುಗಳಿಗೆ ಅಸಂಖ್ಯ ನೆರೆಯವರಿರುವ ಭ್ರಮೆ ಹುಟ್ಟುತ್ತದೆ. ಓರೆಗಾನ್ ವಿಶ್ವವಿದ್ಯಾಲಯದ ಡೇನಿಯಲ್ ಸ್ಟುಟ್ಸ್‌ಬಾಕ್ ಮತ್ತು ರೆಜಾ ರೆಜಾಯಿ ಅವರು ಹತ್ತು ಲಕ್ಷಕ್ಕೂ ಮಿಕ್ಕ ಗಣಕಗಳ ನುಟೆಲ್ಲಾ ಜಾಲವನ್ನು ಕೆಲವೇ ನಿಮಿಷಗಳಲ್ಲಿ ಸುತ್ತಿಬರುವ ಕ್ರಾಲರನ್ನು ರಚಿಸಿದಾಗ, ಜಾಲದ ರಚನೆಯ ಬಗ್ಗೆ ಹಿಂದೆ ಪ್ರಚಲಿತವಾಗಿದ್ದ ಕೆಲವು ತೀರ್ಮಾನಗಳು ಅಳತೆಗೋಲಿನ ದೋಷದಿಂದ ಹುಟ್ಟಿದವೆಂಬುದು 2005ರಲ್ಲಿ ಬೆಳಕಿಗೆ ಬಂದಿತು.

ಎರಡನೆಯದು ಅವಧಿಯ ತೊಡಕು. ಎರಡು ದಿನ ಮಾತ್ರ ನಡೆಯುವ ವೀಕ್ಷಣೆಯಲ್ಲಿ ಮೂರು ದಿನ ಉಳಿಯುವವನ ಅವಧಿಯನ್ನು ಅಳೆಯಲಾಗದು. ಅರ್ಧ ಗಂಟೆ ಬಂದುಹೋಗುವವನು ಮಾತ್ರ ಸುಲಭವಾಗಿ ಲೆಕ್ಕಕ್ಕೆ ಸಿಗುತ್ತಾನೆ. ಇದನ್ನು ಸರಿಪಡಿಸಲು, ಮೊದಲನೆಯ ದಿನ ಆರಂಭವಾದ ಭೇಟಿಗಳನ್ನು ಮಾತ್ರ ಪರಿಗಣಿಸಿ ಎರಡನೆಯ ದಿನವನ್ನು ಅವುಗಳ ಅಂತ್ಯವನ್ನು ಕಾಣಲು ಮೀಸಲಿಡುತ್ತಾರೆ. ಆಗ ಒಂದು ದಿನದೊಳಗಿನ ಎಲ್ಲ ಭೇಟಿಗಳಿಗೂ ಸಮಾನ ನ್ಯಾಯ ದೊರೆಯುತ್ತದೆ. ಅದಕ್ಕೂ ಮೀರಿದವು ಒಂದು ದಿನಕ್ಕಿಂತ ದೀರ್ಘವಾದವು ಎಂದಷ್ಟೇ ಹೇಳಿ ನಿಲ್ಲಬೇಕಾಗುತ್ತದೆ.

ಮೂರನೆಯದು, ಎಲ್ಲಕ್ಕಿಂತ ಜಟಿಲವಾದುದು, ವಿಳಾಸದ ತೊಡಕು. ಅಂತರಜಾಲದಲ್ಲಿ ಗಣಕಕ್ಕೆ ದೊರೆಯುವ ಐಪಿ ವಿಳಾಸ ಮನೆಯ ಸಂಖ್ಯೆಯಂತೆ ಸ್ಥಿರವಾದುದಲ್ಲ. ಸಂಪರ್ಕ ಕಡಿದು ಮತ್ತೆ ಸೇರಿದಾಗ ಅದು ಬದಲಾಗಬಹುದು. ಒಂದೇ ವಿಳಾಸದ ಹಿಂದೆ ಒಂದು ವಿದ್ಯಾರ್ಥಿನಿಲಯವೇ ಇರಬಹುದು. ರಂಜಿತಾ ಭಾಗ್ವಾನ್, ಸ್ಟೀಫನ್ ಸ್ಯಾವೇಜ್ ಮತ್ತು ಜೆಫ್ರಿ ವೋಲ್ಕರ್ ಅವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಂಕಿಗಳಿಂದ ಸಿದ್ಧಪಡಿಸಿತು. ಭಾಗ್ವಾನ್ ಅವರು ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನ ಕೇಂದ್ರದಲ್ಲಿ ಸೇವೆ ಸಲ್ಲಿಸಿದವರು. ಇವರು ಆರಿಸಿಕೊಂಡ ಓವರ್‌ನೆಟ್ ಜಾಲದಲ್ಲಿ ಪ್ರತಿಯೊಬ್ಬ ಸದಸ್ಯನಿಗೂ ಬದಲಾಗದ ಗುರುತುಸಂಖ್ಯೆಯಿತ್ತು. ಅದನ್ನು ಬಿಟ್ಟು ವಿಳಾಸಗಳನ್ನು ಎಣಿಸಿದ್ದರೆ ಸದಸ್ಯರ ಸಂಖ್ಯೆ ಸುಮಾರು ನಾಲ್ಕು ಪಟ್ಟು ಹೆಚ್ಚಾಗಿ ಕಾಣುತ್ತಿತ್ತು. ಅಷ್ಟೇ ಪ್ರಮಾಣದಲ್ಲಿ ಅವರು ಜಾಲದಲ್ಲಿ ನಿಲ್ಲದೆ ಓಡಿಹೋಗುವವರಂತೆಯೂ ಕಾಣುತ್ತಿದ್ದರು. ವಿಳಾಸ ಬದಲಾದವನನ್ನು ತೊರೆದುಹೋದವನೆಂದೂ ಹೊಸದಾಗಿ ಬಂದವನೆಂದೂ ಎರಡು ಸಲ ಬರೆದಂತಾಗುತ್ತಿತ್ತು.

ತಪ್ಪು ಹೆಚ್ಚಿನ ಕಡೆಗೇ ಇರಬೇಕೆಂದಿಲ್ಲ. ಬಿಟ್‌ಟೊರೆಂಟಿನ ಕೇಂದ್ರರಹಿತ ಸೂಚಿಯನ್ನು 2013ರಲ್ಲಿ ಪರಿಶೀಲಿಸಿದ ಹೆಲ್ಸಿಂಕಿ ವಿಶ್ವವಿದ್ಯಾಲಯದ ಸಂಶೋಧಕರು, ಹಿಂದಿನ ವಿಧಾನಗಳಲ್ಲಿ ಕ್ರಾಲರಿಗೆ ಸಿಗದೆ ತಪ್ಪಿಸಿಕೊಂಡ ಗಣಕಗಳಿಂದಾಗಿ ಹತ್ತಾರು ಶೇಕಡಾದಷ್ಟು ದೋಷ ಉಳಿಯುತ್ತಿತ್ತೆಂದು ತೋರಿಸಿದರು. ತಿದ್ದುಪಡಿಯ ಬಳಿಕ ಅವರಿಗೆ ದೊರೆತ ಸಂಖ್ಯೆ ದಿನದ ಹೊತ್ತಿಗನುಗುಣವಾಗಿ 1.5 ಕೋಟಿಯಿಂದ 2.7 ಕೋಟಿ.

ಅಂಕಿಯ ಹಿಂದಿನ ಮನುಷ್ಯ

ಇವೆಲ್ಲ ಪಂಡಿತರ ಚರ್ಚೆಯಾಗಿಯೇ ಉಳಿದಿದ್ದರೆ ಯಾರಿಗೂ ನಷ್ಟವಿರುತ್ತಿರಲಿಲ್ಲ. ಆದರೆ ಅಳತೆ ಆರೋಪಕ್ಕೆ ಆಧಾರವಾದಾಗ ಪರಿಸ್ಥಿತಿ ಬೇರೆಯಾಗುತ್ತದೆ. 2003ರ ಸೆಪ್ಟೆಂಬರಿನಲ್ಲಿ ಅಮೆರಿಕದ ಧ್ವನಿಮುದ್ರಣ ಉದ್ಯಮವು ಕಡತ ಹಂಚಿದ ವ್ಯಕ್ತಿಗಳ ಮೇಲೆ ಒಮ್ಮೆಗೇ 261 ದಾವೆಗಳನ್ನು ಹೂಡಿತು. ಪ್ರತಿವಾದಿಗಳು ಯಾರೆಂಬುದನ್ನು ಗೊತ್ತುಮಾಡಿದ್ದು ಜಾಲದಲ್ಲಿ ಕಂಡ ವಿಳಾಸಗಳಿಂದಲೇ. ಅವರಲ್ಲಿ ಒಬ್ಬ ಹಿರಿಯ ಮಹಿಳೆಯ ಮನೆಯಲ್ಲಿದ್ದದ್ದು ಮ್ಯಾಕಿಂಟಾಷ್ ಗಣಕ. ಕಜಾ ತಂತ್ರಾಂಶ ಅದರಲ್ಲಿ ನಡೆಯುತ್ತಲೇ ಇರಲಿಲ್ಲ. ಆಕೆಯ ಮೇಲಿನ ದಾವೆಯನ್ನು ಹಿಂತೆಗೆದುಕೊಳ್ಳಬೇಕಾಯಿತು.

2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮೈಕೆಲ್ ಪಿಯಾಟೆಕ್, ತದಯೋಷಿ ಕೊಹ್ನೊ ಮತ್ತು ಅರವಿಂದ ಕೃಷ್ಣಮೂರ್ತಿ ಅವರು ಇದರ ಮೂಲವನ್ನು ಪ್ರಯೋಗದಿಂದಲೇ ತೋರಿಸಿಕೊಟ್ಟರು. ಬಿಟ್‌ಟೊರೆಂಟ್ ಜಾಲವನ್ನು ಅಳೆಯುವ ಸಲುವಾಗಿ ಅವರ ಗಣಕಗಳು ಟ್ರ್ಯಾಕರುಗಳಿಂದ ಸದಸ್ಯರ ಪಟ್ಟಿಯನ್ನು ಕೇಳಿದ್ದವೇ ಹೊರತು ಯಾವ ಕಡತವನ್ನೂ ಇಳಿಸಿಕೊಂಡಿರಲಿಲ್ಲ, ಯಾರಿಗೂ ಕೊಟ್ಟಿರಲಿಲ್ಲ. ಆದರೂ ಪಟ್ಟಿ ಕೇಳಿದವನನ್ನೂ ಟ್ರ್ಯಾಕರ್ ಸದಸ್ಯನೆಂದೇ ಬರೆದುಕೊಳ್ಳುವುದರಿಂದ, ಕೃತಿಸ್ವಾಮ್ಯ ಉಲ್ಲಂಘನೆಯ ನೂರಾರು ನೋಟೀಸುಗಳು ಅವರಿಗೆ ಬಂದವು. ಕೆಲವು ಟ್ರ್ಯಾಕರುಗಳಲ್ಲಿ ತನ್ನ ಬದಲು ಬೇರೊಬ್ಬರ ವಿಳಾಸವನ್ನು ಬರೆಯಿಸಲೂ ಸಾಧ್ಯವಿತ್ತು. ಸಂಶೋಧಕರು ತಮ್ಮ ವಿಭಾಗದ ಮುದ್ರಣಯಂತ್ರಗಳ ವಿಳಾಸವನ್ನು ಹಾಗೆ ಬರೆಯಿಸಿದಾಗ, ಕಾಗದದ ಮೇಲೆ ಅಕ್ಷರ ಮೂಡಿಸುವುದಲ್ಲದೆ ಬೇರೇನನ್ನೂ ಅರಿಯದ ಆ ಯಂತ್ರಗಳ ಮೇಲೂ ಚಲನಚಿತ್ರ ಕದ್ದ ಆರೋಪ ಬಂದಿತು. ಪಟ್ಟಿಯಲ್ಲಿ ಹೆಸರಿರುವುದಕ್ಕೂ ಕೃತ್ಯ ನಡೆಸಿರುವುದಕ್ಕೂ ನಡುವಣ ಅಂತರ ಇದಕ್ಕಿಂತ ಸ್ಪಷ್ಟವಾಗಿ ವ್ಯಕ್ತವಾಗಲಾರದು.

ಉದ್ದೇಶದ ವಿಷಯದಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ. ನೇಥನ್ ಗುಡ್ ಮತ್ತು ಆರನ್ ಕ್ರೆಕೆಲ್‌ಬರ್ಗ್ ಅವರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಜಾ ತಂತ್ರಾಂಶವನ್ನು 12 ಮಂದಿಯ ಮುಂದಿಟ್ಟು, ಅದರಿಂದ ಏನೇನು ಹಂಚಿಕೆಯಾಗುತ್ತಿದೆಯೆಂದು ಗುರುತಿಸಲು ಕೇಳಿದರು. ಸರಿಯಾಗಿ ಹೇಳಿದವರು ಇಬ್ಬರೇ. ತಮ್ಮ ಖಾಸಗಿ ಪತ್ರಗಳ ಪೆಟ್ಟಿಗೆಯನ್ನೇ ಅರಿಯದೆ ಲೋಕಕ್ಕೆ ತೆರೆದಿಟ್ಟವರೂ ಜಾಲದಲ್ಲಿದ್ದರು. ಹಂಚಿದವರೆಲ್ಲ ಉದಾರಿಗಳಲ್ಲ, ಹಂಚದವರೆಲ್ಲ ಜಿಪುಣರಲ್ಲ. ತಂತ್ರಾಂಶ ಮೊದಲೇ ಹೊಂದಿಸಿಟ್ಟ ಒಂದು ಆಯ್ಕೆ ಅವರನ್ನು ಹಾಗೆ ಮಾಡಿರಬಹುದು. ಹೆಬ್ಬಾಗಿಲಿನ ಅಧ್ಯಯನ ನಡೆಸಿದವರು ದತ್ತಾಂಶವನ್ನು ಸಂಗ್ರಹಿಸುವ ಮೊದಲೇ ವಿಳಾಸಗಳನ್ನೂ ಕಡತಗಳ ಹೆಸರುಗಳನ್ನೂ ಗುರುತು ಹಿಡಿಯಲಾಗದಂತೆ ಮರೆಮಾಡಿದ್ದು ಈ ದೃಷ್ಟಿಯಿಂದ ಸಂಶೋಧಕನ ಕರ್ತವ್ಯದ ಭಾಗವೇ ಆಗಿದೆ.

ಉಪಸಂಹಾರ

ಈ ಅಧ್ಯಯನಗಳಿಗೆ ವಸ್ತುವಾದ ಜಾಲಗಳಲ್ಲಿ ಹಲವು ಇಂದು ಇಲ್ಲ. ಕೇಂದ್ರವಿಲ್ಲದ ಹೊಸ ಸಂಗ್ರಹಜಾಲಗಳೂ ಬಿಟ್‌ಕಾಯಿನ್‌ನಂತಹ ನಾಣ್ಯಜಾಲಗಳೂ ಬಂದಿವೆ. ಅವುಗಳನ್ನು ಅಳೆಯುವವರು ಬಳಸುವುದೂ ಇದೇ ವಿಧಾನಗಳನ್ನು, ಎದುರಿಸುವುದೂ ಇದೇ ತೊಡಕುಗಳನ್ನು. ಆದ್ದರಿಂದ ಇಲ್ಲಿ ಉಳಿಯುವ ಮುಖ್ಯ ಸಂಗತಿ ಶೇಕಡಾವಾರು ಅಂಕಿಗಳಲ್ಲ. ಎಣಿಸಿದ್ದು ಮನುಷ್ಯನನ್ನೋ, ಗಣಕವನ್ನೋ, ವಿಳಾಸವನ್ನೋ, ಅಥವಾ ಯಾರೋ ಬರೆಯಿಸಿದ ಒಂದು ಸಾಲನ್ನೋ ಎಂಬುದನ್ನು ಎಣಿಸಿದವನು ಹೇಳಬೇಕು. ಹೇಳದ ಅಂಕಿಯನ್ನು ಓದುಗ ನಂಬಬೇಕಾಗಿಲ್ಲ.

ಹೊರನಾಡಿನ ನಗರವೊಂದರಲ್ಲಿ ಮನೆಮಾತಿನ ಸಮೀಕ್ಷೆಗೆ ಹೊರಡುವ ಕನ್ನಡ ವಿದ್ಯಾರ್ಥಿಗೂ ಈ ವಿವೇಕ ಬೇಕಾದದ್ದೇ. ಮಧ್ಯಾಹ್ನ ಬಾಗಿಲು ತಟ್ಟಿದರೆ ಸಿಗುವವರು ಮನೆಯಲ್ಲಿ ಉಳಿದವರು ಮಾತ್ರ. ದುಡಿಯಲು ಹೋದವರು ಲೆಕ್ಕಕ್ಕೆ ಸಿಗುವುದಿಲ್ಲ. ಮಾತೃಭಾಷೆಯೆಂದು ಬರೆಯಿಸಿದ್ದು ಒಂದು, ಅಡುಗೆಮನೆಯಲ್ಲಿ ಆಡುವುದು ಇನ್ನೊಂದು ಆಗಿರಬಹುದು. ಮನೆ ಬದಲಿಸಿದ ಕುಟುಂಬ ಎರಡು ಕುಟುಂಬಗಳಾಗಿ ನಮೂದಾಗಬಹುದು. ಕ್ಷೇತ್ರಕಾರ್ಯದ ಈ ಹಳೆಯ ಸಮಸ್ಯೆಗಳನ್ನೇ ಗಣಕವಿಜ್ಞಾನಿಗಳು ಕೋಟಿ ಸಂಖ್ಯೆಯ ಯಂತ್ರಗಳ ನಡುವೆ ಮತ್ತೆ ಕಂಡರು. ತಮ್ಮ ಅಳತೆಗೋಲನ್ನೂ ಅಳೆದುನೋಡುವ ಶಿಸ್ತನ್ನು ಅವರು ರೂಢಿಸಿಕೊಂಡದ್ದರಿಂದಲೇ ಅವರ ತೀರ್ಮಾನಗಳಿಗೆ ಬೆಲೆ ಬಂದಿದೆ.